ಎದೆಯ ಮೇಲಿನ ಕೂಸು

ಊರಿನಲ್ಲಿ ಎತ್ತರದ ಜಾಗಕ್ಕೆ ಬಣ್ಣ ಹೊಡೆಸಬೇಕೆಂದರೆ ಜನ ಹುಡುಕಿಕೊಂಡು ಬರುತ್ತಿದ್ದುದು ಏಣಿ ಮಾವನನ್ನೇ. ನೀರಿನ ಟ್ಯಾಂಕು, ಕಾರ್ಖಾನೆಯ ಚಿಮಣಿ, ಸೇತುವೆಯ ಕಂಬ, ಚರ್ಚಿನ ಗೋಪುರ, ಬೇರೆಯವರಿಗೆ ಕತ್ತೆತ್ತಿ ನೋಡಿದರೇ ತಲೆ ತಿರುಗುವ ಕಡೆಗೆಲ್ಲ ಅವನು ಸೊಂಟಕ್ಕೆ ಹಗ್ಗ ಬಿಗಿದು ಹತ್ತುತ್ತಿದ್ದ. ಹತ್ತಿದ ಮೇಲೆ ಮನೆಯ ಜಗಲಿಯಲ್ಲಿ ಕೂತವನ ಹಾಗೆ ಕಾಲು ಇಳಿಬಿಟ್ಟು ಆರಾಮಾಗಿ ಕುಂಚ ಆಡಿಸುತ್ತಿದ್ದ. ಆ ಹೆಸರಿಟ್ಟವಳು ಅವನ ಅಕ್ಕನ ಮಗಳು. ಮಾತು ಕಲಿಯುವ ವಯಸ್ಸಿನಲ್ಲಿ, ಯಾವಾಗ ನೋಡಿದರೂ ಹೆಗಲ ಮೇಲೆ ಏಣಿ ಹೊತ್ತುಕೊಂಡೇ ಬರುವವನನ್ನು ಕಂಡು ಅವಳು ಹಾಗೆ ಕರೆದಳು. ಬೀದಿಯವರಿಗೂ ಅದೇ ಬಾಯಿಪಾಠವಾಯಿತು. ಕೊನೆಗೆ ಅವನಿಗಿಂತ ವಯಸ್ಸಾದವರಿಗೂ ಅವನು ಮಾವನೇ ಆಗಿಬಿಟ್ಟ.

ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, "ಮೊದಲು ದೇವರು ಸಿಗ್ಲಿ, ಆಮೇಲೆ ಹುಡುಗಿ ನೋಡೋಣ" ಎನ್ನುತ್ತಿದ್ದ. ಜನ ತಮಾಷೆ ಅಂದುಕೊಂಡು ನಗುತ್ತಿದ್ದರು. ಅವನು ಹೇಳುತ್ತಿದ್ದುದು ನಿಜ.

ಹರೆಯದಲ್ಲಿ ಒಮ್ಮೆ ಚಿಮಣಿಯೊಂದರ ಮೇಲೆ ಅವನ ಹಗ್ಗದ ಗಂಟು ಜಾರಿತ್ತು. ಒಂದೇ ಕೈಯಲ್ಲಿ ಕಬ್ಬಿಣದ ಬಳೆ ಹಿಡಿದು ನೇತಾಡುತ್ತಿದ್ದಾಗ ಅವನ ಬಾಯಿಂದ ದೇವರ ಹೆಸರು ಬಂತು. ಆ ಕ್ಷಣದಲ್ಲಿ ಪಕ್ಕದಲ್ಲೇ ಯಾರೋ ಇದ್ದಾರೆ ಅನ್ನಿಸಿತು. ಭಯವೇ ಹೋಗಿಬಿಟ್ಟಿತು. ಕೆಳಗಿನವರು ಹಗ್ಗ ಎಸೆದು ಅವನನ್ನು ಇಳಿಸಿಕೊಂಡರು, ನೀರು ಕುಡಿಸಿದರು, ಬೈದರು. ಪಕ್ಕದಲ್ಲಿದ್ದವನು ಮಾತ್ರ ಮತ್ತೆ ಸಿಗಲಿಲ್ಲ. ಅಂದಿನಿಂದ ಶುರುವಾದ ಹುಡುಕಾಟ ಅದು. ಬೆಟ್ಟದ ಮೇಲಿನ ಮೌನದ ಮನೆಗಳಿಗೆ ಹೋಗಿ ಬಾಯಿ ಕಟ್ಟಿಕೊಂಡು ಕೂತು ಬಂದ. ಉಪವಾಸ ಮಾಡಿ ಕಡ್ಡಿಯಾದ. ಪಾದ್ರಿಗಳ ಕಪಾಟಿನಿಂದ ದಪ್ಪ ದಪ್ಪ ಪುಸ್ತಕ ತಂದು, ಬಣ್ಣದ ಬೆರಳಚ್ಚು ಬೀಳದ ಹಾಗೆ ಹಾಳೆ ತಿರುವಿ ಓದಿದ.

"ಇವನು ಹುಡುಕ್ತಾ ಹುಡುಕ್ತಾ ಹೊರಗೇ ಇರ್ತಾನೆ," ಎನ್ನುತ್ತಿದ್ದಳು ಅಕ್ಕ. "ದೇವರೇ ಮನೆಗೆ ಬಂದ್ರೂ ಬೀಗ ನೋಡ್ಕೊಂಡು ವಾಪಸ್ ಹೋಗ್ಬೇಕು ಅಷ್ಟೇ."

ಅಕ್ಕನ ನಾಲಿಗೆ ಹರಿತ, ಮನಸ್ಸು ಬೆಣ್ಣೆ. ಗಂಡ ತೀರಿಕೊಂಡ ಮೇಲೆ ತಮ್ಮನ ಆಸರೆಯಲ್ಲೇ ಮಗಳನ್ನು ಬೆಳೆಸಿದವಳು. ಆ ಮಗಳು ಈಗ ದೊಡ್ಡವಳಾಗಿ, ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವ ಹುಡುಗನನ್ನು ಮದುವೆಯಾಗಿ, ಚೊಚ್ಚಲ ಬಸುರಿಯಾಗಿ ತಾಯಿ ಮನೆಗೆ ಬಂದಿದ್ದಳು. ಗಂಡ ಸಮುದ್ರದ ಮೇಲಿದ್ದ. ಹೆರಿಗೆಗೆ ಇನ್ನೂ ಸಮಯವಿತ್ತು. ಕ್ರಿಸ್ಮಸ್ ಹತ್ತಿರ ಬಂದಿತ್ತು.

ಕ್ರಿಸ್ಮಸ್ಸಿನಲ್ಲಿ ಏಣಿ ಮಾವನಿಗೆ ಹಾಡು ಇಷ್ಟ, ಗಂಟೆ ಇಷ್ಟ, ಇಷ್ಟವಾಗದ್ದು ಒಂದೇ: ಗೋದಲಿ. ಚರ್ಚಿನ ಮೂಲೆಯಲ್ಲಿ ಹುಲ್ಲು ಹಾಸಿ, ಮಣ್ಣಿನ ಕತ್ತೆ, ಕುರಿ ನಿಲ್ಲಿಸಿ, ನಡುವೆ ಕೂಸಾಗಿ ಹುಟ್ಟಿದ ದೇವರೆಂದು ಅಂಗೈಯಷ್ಟು ಬೊಂಬೆಯೊಂದನ್ನು ಮಲಗಿಸುತ್ತಿದ್ದರಲ್ಲ, ಅದರ ಮುಂದೆ ನಿಂತಾಗಲೆಲ್ಲ ಅವನಿಗೆ ಒಳಗೊಳಗೇ ಕಸಿವಿಸಿ. ಇದು ಮಕ್ಕಳಿಗೆ ಸರಿ, ತನ್ನಂಥ ಹಸಿದವನಿಗೆ ಇದರಲ್ಲೇನಿದೆ ಎಂದು.

ಆ ವರ್ಷ ಗೋಪುರಕ್ಕೆ ಬಣ್ಣ ಹೊಡೆಯುವ ಕೆಲಸ ಒಪ್ಪಿಕೊಂಡ ದಿನ ಅದನ್ನು ಪಾದ್ರಿಗಳ ಮುಂದೆ ಹೇಳಿಯೇಬಿಟ್ಟ. "ಆಕಾಶ ಭೂಮಿ ಮಾಡಿದವನು ಬರೋದಾದ್ರೆ ಬರೋ ಹಾಗೆ ಬರ್ಬೇಕಲ್ವಾ ಫಾದರ್? ಎಲ್ಲರೂ ಬೆರಗಾಗೋ ಹಾಗೆ, ಮುಂಬಾಗಿಲಿಂದ! ದನದ ಕೊಟ್ಟಿಗೆಗೆ ಕದ್ದು ಬಂದ ಹಾಗೆ ಯಾಕೆ?"

ಪಾದ್ರಿಗಳು ವಯಸ್ಸಾದವರು. ಕನ್ನಡಕ ಒರೆಸಿಕೊಳ್ಳುತ್ತಾ, "ಮುಂಬಾಗಿಲಿಂದ ರಾಜ ಬಂದ ಅಂತಿಟ್ಕೋ. ನೀನು ಏನ್ ಮಾಡ್ತೀಯ?" ಎಂದರು.

"ಏನ್ ಮಾಡ್ಲಿ? ದಾರಿ ಬಿಟ್ಟು ಕೈ ಮುಗಿದು ನಿಲ್ತೀನಿ."

"ಅದೇ ಒಂದು ಕೂಸು ಬಂದ್ರೆ?"

"ಕೂಸಿನ ವಿಷಯ ನನಗೇನು ಗೊತ್ತು ಫಾದರ್," ಎಂದು ಏಣಿ ಎತ್ತಿಕೊಂಡು ಹೊರಟ.

ಗೋಪುರದ ಅರ್ಧಕ್ಕೆ ಬಣ್ಣ ಮುಗಿಸಿ ಅವನು ಉಳಿದರ್ಧದ ಹಳೆಯ ಬಣ್ಣ ಕೆರೆಯುತ್ತಿದ್ದ ಒಂದು ಬೆಳಗ್ಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಕ್ಕ. ಕೆಮ್ಮು ಯಾವುದು, ಅಳು ಯಾವುದು ತಿಳಿಯುತ್ತಿರಲಿಲ್ಲ.

"ಬೇಗ ಇಳಿಯೋ... ಅವಳಿಗೆ ಬಿಪಿ ಏರಿ ಫಿಟ್ಸ್ ಬಂತು. ಆಸ್ಪತ್ರೆಗೆ ಹಾಕಿದೀವಿ. ಆಪರೇಷನ್ ಮಾಡ್ತಾರಂತೆ, ಈಗ್ಲೇ!"

ಅವನು ಆ ಗೋಪುರ ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಸೊಂಟದ ಹಗ್ಗ ಬಿಚ್ಚುವುದನ್ನೂ ಮರೆತು ಬೀದಿಯಲ್ಲಿ ಓಡುತ್ತಿದ್ದರೆ ಅದು ಬಾಲದ ಹಾಗೆ ಹಿಂದೆ ಎಳೆದುಕೊಂಡು ಬರುತ್ತಿತ್ತು.

ಅವನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹೆರಿಗೆ ಮುಗಿದಿತ್ತು. ಹೆಣ್ಣು ಮಗು. ದಿನ ತುಂಬುವ ಮೊದಲೇ ಹೊರಗೆ ತೆಗೆದದ್ದು. ತಾಯಿ ಐಸಿಯುನಲ್ಲಿ ಬಾಯಿಗೆ ಪೈಪು ಹಾಕಿಸಿಕೊಂಡು ಪ್ರಜ್ಞೆಯಿಲ್ಲದೆ ಮಲಗಿದ್ದಳು. ಮಗು ಎಳೆಗೂಸುಗಳ ವಾರ್ಡಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿತ್ತು. ಅಕ್ಕ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತು, ಒಳಗೆ ಬಿಡದ ಸಿಸ್ಟರನ್ನು ಬೈಯುತ್ತಾ ಕೆಮ್ಮುತ್ತಿದ್ದಳು. ಕೆಮ್ಮು ಇರುವವರಿಗೆ ಆ ವಾರ್ಡಿನಲ್ಲಿ ಪ್ರವೇಶವಿರಲಿಲ್ಲ.

ಮಕ್ಕಳ ಡಾಕ್ಟರಮ್ಮ ಹೊರಗೆ ಬಂದು ಹೇಳಿದರು: "ಮಗು ಗಟ್ಟಿ ಇದೆ, ಆದರೆ ಬಹಳ ಚಿಕ್ಕದು. ನಮ್ಮ ಯಂತ್ರಗಳು ಬೆಚ್ಚಗಿಡ್ತವೆ, ಸರಿ. ಆದರೆ ಇಂಥ ಕೂಸುಗಳಿಗೆ ಮನುಷ್ಯರ ಮೈಶಾಖ ಸಿಕ್ಕಿದರೆ ಉಸಿರು ಹದಕ್ಕೆ ಬರುತ್ತೆ, ತೂಕ ಬರುತ್ತೆ. ತಾಯಿ ಎದೆ ಮೇಲೆ ಮಲಗಿಸ್ತಿದ್ವಿ. ತಾಯಿಗೆ ಈಗ ಆಗಲ್ಲ. ಅಪ್ಪ?"

"ಸಮುದ್ರದಲ್ಲಿದ್ದಾನೆ," ಎಂದಳು ಅಕ್ಕ.

"ಮತ್ಯಾರಿದ್ದೀರ?"

ಡಾಕ್ಟರಮ್ಮನ ಹಿಂದೆ ವಾರ್ಡಿನ ದೊಡ್ಡ ಸಿಸ್ಟರು ನಿಂತಿದ್ದರು. ಗಿಡ್ಡ ಆಳು, ಗಂಟಲು ಮಾತ್ರ ಗಟ್ಟಿ. ಅವರ ಕಣ್ಣು ಏಣಿ ಮಾವನನ್ನು ತಲೆಯಿಂದ ಕಾಲಿನವರೆಗೆ ಅಳೆಯಿತು.

"ನಿಮಗೆ ಕೆಮ್ಮು, ಜ್ವರ ಏನಾದ್ರೂ ಇದೆಯಾ?"

"ಇಲ್ಲ."

"ಬೀಡಿ, ಸಿಗರೇಟು?"

"ಇಲ್ಲ. ಯಾಕೆ?"

"ಒಳಗೆ ಬನ್ನಿ. ಅಂಗಿ ಬಿಚ್ಚಿ."

"ನಾನಾ? ಸಿಸ್ಟರ್, ನಾನು ಬಣ್ಣ ಹೊಡಿಯೋನು!"

"ಬಣ್ಣ ಹೊಡಿಯೋರಿಗೆ ಎದೆ ಇರಲ್ವಾ?"

ಮೊದಲು ಅವನನ್ನು ನಲ್ಲಿಯ ಮುಂದೆ ನಿಲ್ಲಿಸಿದರು. ಕೈ ತೊಳೆದ. ಸಿಸ್ಟರು ಮೂಸಿ ನೋಡಿ, "ಇನ್ನೂ ಟರ್ಪೆಂಟೈನ್ ವಾಸನೆ" ಎಂದು ಮತ್ತೆ ಕಳಿಸಿದರು. ಮೊಣಕೈವರೆಗೆ ತಿಕ್ಕಿದ. ಉಗುರು ತೆಗೆಸಿದರು. ಚರ್ಮ ಕೆಂಪಾಗುವವರೆಗೆ ಸೋಪು ಹಚ್ಚಿಸಿ, ಮೈ ಒರೆಸಿ, ಹಸಿರು ಗೌನು ತೊಡಿಸಿ, ಮುಂದೆ ತೆರೆದಿಟ್ಟು, ಒರಗುವ ಕುರ್ಚಿಯಲ್ಲಿ ಕೂರಿಸಿದರು. ಇಷ್ಟು ಉಪಚಾರ ಮದುಮಗನಿಗೂ ಇಲ್ಲ ಅನ್ನಿಸಿತು ಅವನಿಗೆ. ಆಮೇಲೆ ಸಿಸ್ಟರು ಗಾಜಿನ ಪೆಟ್ಟಿಗೆಯೊಳಗೆ ಕೈ ಹಾಕಿ, ಮೂಗಿನ ನಳಿಕೆಯ ಸಮೇತ ಆ ಜೀವವನ್ನು ಎತ್ತಿ ತಂದು ಅವನ ಬರಿಯ ಎದೆಯ ಮೇಲೆ ಕವಿಚಿ ಮಲಗಿಸಿ, ಮೇಲೊಂದು ಬಟ್ಟೆ ಸುತ್ತಿ ಕಟ್ಟಿದರು.

ಏಣಿ ಮಾವನ ಕೈಕಾಲು ಗಡಗಡ ನಡುಗಿದವು. ಚಿಮಣಿಯ ತುದಿಯಲ್ಲಿ ಗಾಳಿಗೆ ತೂಗಾಡುವಾಗಲೂ ಹೀಗೆ ನಡುಗಿರಲಿಲ್ಲ. ಅರ್ಧ ಖಾಲಿಯಾದ ಬಣ್ಣದ ಡಬ್ಬಿಯಷ್ಟೂ ಭಾರವಿರಲಿಲ್ಲ ಅದು. ಬೆನ್ನಿನ ಎಲುಬುಗಳು ಬೆರಳಿಗೆ ಹತ್ತುತ್ತಿದ್ದವು. ಕಿವಿ ಮಾತ್ರ ಥೇಟು ಹಡಗಿನ ಅಳಿಯನದೇ, ಅಗಲವಾಗಿ ನಿಮಿರಿಕೊಂಡಿತ್ತು.

"ನನ್ನ ಕೈಲಿ ಆಗಲ್ಲ ಸಿಸ್ಟರ್. ಏನಾದ್ರೂ ಆಗ್ಬಿಟ್ರೆ?"

"ಏನೂ ಮಾಡ್ಬೇಡಿ. ಸುಮ್ನೆ ಇರಿ. ನಿಮ್ಮ ಉಸಿರು ಕೇಳಿಸ್ಕೊಂಡು ಅವಳೂ ಉಸಿರಾಡ್ತಾಳೆ. ಇಂಥ ಮಕ್ಕಳು ಒಂದೊಂದ್ಸಲ ಉಸಿರಾಡೋದನ್ನೇ ಮರೆತುಬಿಡ್ತವೆ. ಯಂತ್ರ ಕೂಗುತ್ತೆ. ಗಾಬರಿ ಬೀಳ್ಬೇಡಿ, ಬೆನ್ನು ಸವರಿ. ನೆನಪು ಮಾಡಿ."

ಅವರು ಹೇಳಿ ಆ ಕಡೆ ತಿರುಗಿದ್ದೇ ತಡ, ಯಂತ್ರ ಕೂಗಿತು. ಅವನ ಎದೆಯ ಮೇಲಿನ ಪುಟ್ಟ ಬೆನ್ನು ಏಳದೆ ಇಳಿಯದೆ ನಿಂತೇಬಿಟ್ಟಿತ್ತು. ಏಣಿ ಮಾವ ಒರಟು ಬೆರಳಿನಿಂದ ಬೆನ್ನು ಸವರಿ, "ಏ ಪುಟ್ಟಿ, ಉಸಿರಾಡೇ ತಾಯಿ" ಎಂದ. ಅವಳು ತಟ್ಟನೆ ಬೆಚ್ಚಿ ಒಂದು ಉಸಿರೆಳೆದಳು. ಅದರ ಹಿಂದೆ ಇನ್ನೊಂದು. ಸಿಸ್ಟರು ದೂರದಿಂದಲೇ ತಲೆಯಾಡಿಸಿದರು. ಜೀವಮಾನದಲ್ಲಿ ಎಷ್ಟೋ ಗೋಪುರ ಮುಗಿಸಿ ಕೆಳಗಿಳಿದು ನೋಡಿದ್ದ ಅವನು, ಆದರೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಅಂದಿನಿಂದ ಅದೇ ಅವನ ಕೆಲಸವಾಯಿತು. ಬೆಳಗ್ಗೆ ಮಿಂದು ಬಂದು ಕುರ್ಚಿಯಲ್ಲಿ ಕೂತರೆ ಊಟಕ್ಕೆ ಏಳುವುದೂ ಸಿಸ್ಟರು ಬೈದ ಮೇಲೆಯೇ. ಗೋಪುರ ಅರ್ಧ ಬಿಳಿ, ಅರ್ಧ ತುಕ್ಕಿನ ಬಣ್ಣದಲ್ಲಿ ಹಾಗೇ ನಿಂತಿತು. ಮೊದಮೊದಲು ಅವನು ಕೂತಲ್ಲೇ ತನಗೆ ಗೊತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಹೇಳಲು ನೋಡಿದ. ಬೆಟ್ಟದ ಮೇಲೆ ಕಲಿತವು, ಪುಸ್ತಕದಿಂದ ಬಾಯಿಪಾಠ ಮಾಡಿದವು. ನಡುವೆ ಅವಳು ಒಂದು ಬೆರಳು ಅಲ್ಲಾಡಿಸಿದರೆ ಸಾಲೇ ತಪ್ಪಿಹೋಗುತ್ತಿತ್ತು. ಕೊನೆಗೆ ಪ್ರಾರ್ಥನೆ ಬಿಟ್ಟು, ಅವಳ ಅಮ್ಮ ಚಿಕ್ಕವಳಿದ್ದಾಗ ಯಾವ ಯಾವ ತಂಟೆ ಮಾಡಿದ್ದಳು ಎಂದು ಪಿಸುಗುಟ್ಟತೊಡಗಿದ. ಬಾಗಿಲ ಗಾಜಿನಿಂದ ಅಕ್ಕ ಇಣುಕಿ, ಮಗುವನ್ನು ಒಂದು ನಿಮಿಷ ನೋಡಿ, ತಮ್ಮನನ್ನು ಬಹಳ ಹೊತ್ತು ನೋಡಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದಳು.

ಕ್ರಿಸ್ಮಸ್ಸಿನ ಹಿಂದಿನ ದಿನ ಅವನು ವಾರ್ಡಿಗೆ ಬಂದಾಗ ಡಾಕ್ಟರಮ್ಮ ಮಗುವಿನ ಪೆಟ್ಟಿಗೆಯ ಮೇಲೆ ಬಾಗಿದ್ದರು. ಅವಳ ಮೈ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ರಕ್ತದಲ್ಲಿ ಸೋಂಕು," ಎಂದರು ಡಾಕ್ಟರಮ್ಮ. "ಔಷಧಿ ಶುರು ಮಾಡಿದೀವಿ. ಉಸಿರು ಮತ್ತೆ ಮತ್ತೆ ಮರೀತಿದ್ದಾಳೆ. ಇವತ್ತು ದಾಟಿದರೆ ದಾಟಿದ ಹಾಗೆ."

"ನನ್ನ ಎದೆ ಮೇಲೆ...?"

"ಅಲ್ಲಿದ್ದಾಗಲೇ ಚೆನ್ನಾಗಿ ಉಸಿರಾಡ್ತಾಳೆ. ಕೂತ್ಕೊಳ್ಳಿ. ಆದರೆ ನಾವು ಕೊಡಿ ಅಂದ ಕೂಡಲೇ ಬಿಟ್ಟುಕೊಡ್ಬೇಕು."

ಅವನು ಕೂತ. ಯಂತ್ರ ಕೂಗುವುದು, ಅವನು ಸವರುವುದು, ಅವಳು ಮರಳುವುದು, ಮತ್ತೆ ಕೂಗುವುದು. ಮಧ್ಯಾಹ್ನದ ಹೊತ್ತಿಗೆ ಅವನ ಎದೆಯೊಳಗಿಂದ ಸಿಟ್ಟು ಉಕ್ಕಿಬಂತು. ಬಾಯಿಬಿಟ್ಟು ಹೇಳಲಿಲ್ಲ, ಒಳಗೇ ಜಗಳಕ್ಕೆ ನಿಂತ. ಇಷ್ಟು ವರ್ಷ ನಿನ್ನ ಹಿಂದೆ ಅಲೆದೆ. ನೀನು ಸಿಗದಿದ್ದರೂ ಚಿಂತೆಯಿಲ್ಲ, ಇವಳನ್ನು ಉಳಿಸು. ನಿನಗೇನು ಗೊತ್ತು ಇಷ್ಟು ಚಿಕ್ಕ ಎದೆಗೂಡಿನಲ್ಲಿ ಉಸಿರೆಳೆಯುವ ಕಷ್ಟ? ಮೇಲೆ ಕೂತಿದ್ದೀಯ!

ಹಾಗೆ ಕೇಳುತ್ತಿದ್ದ ಹಾಗೇ ಮಗುವಿನ ಕಾಲಿನಿಂದ ಬಟ್ಟೆ ಸರಿಯಿತು. ಅವನು ಅದನ್ನು ಎಳೆದು ಮತ್ತೆ ಸುತ್ತಿದ. ಚಳಿಯಾಗಬಾರದು, ಶಾಖ ಹೋದರೆ ಉಸಿರು ಹೋಗುತ್ತದೆ, ಇಷ್ಟು ದಿನದಲ್ಲಿ ಅದು ಅವನ ಕೈಗೇ ಗೊತ್ತಾಗಿಬಿಟ್ಟಿತ್ತು. ಸುತ್ತುತ್ತಿದ್ದ ಕೈ ಅಲ್ಲೇ ನಿಂತಿತು.

ಆ ತಾಯಿಯೂ ಸುತ್ತಿದ್ದಳಲ್ಲ!

ಪ್ರತಿ ಕ್ರಿಸ್ಮಸ್ಸಿಗೆ ಕೇಳಿದ ಕಥೆ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು ಎನ್ನುವಾಗ ಅವನು ಅದನ್ನು ಅಲಂಕಾರದ ಮಾತು ಅಂದುಕೊಂಡೇ ಬೆಳೆದಿದ್ದ. ಅವಳು ಸುತ್ತಿದ್ದು ಕೂಸಿಗೆ ಚಳಿಯಾಗುತ್ತಿತ್ತು ಎಂದು. ಬಿಟ್ಟಿದ್ದರೆ ಅದು ತಣ್ಣಗಾಗಿಬಿಡುತ್ತಿತ್ತು. ಆಕಾಶ ಭೂಮಿ ಮಾಡಿದವನಿಗೆ ಆ ದಿನ ಹೀಗೇ ಬೆರಳಿಗೆ ಹತ್ತುವ ಎಲುಬಿದ್ದವು, ಹೀಗೇ ಉಸಿರೆಳೆಯುವ ಕಷ್ಟವಿತ್ತು. ಯಾರಾದರೂ ಎತ್ತಿಕೊಳ್ಳದೆ ಹೋದರೆ ಬದುಕಲಾರದ ಸ್ಥಿತಿಗೆ ಅವನು ತಾನಾಗಿಯೇ ಇಳಿದು ಬಂದಿದ್ದ. ಆ ತಾಯಿಯ ಜೊತೆಗಿದ್ದ ಬಡಗಿ ಗಂಡನ ಕೈಯೂ ತನ್ನ ಕೈಯ ಹಾಗೆ ಒರಟಾಗಿತ್ತೇನೋ, ನಡುಗಿತ್ತೇನೋ. ಆ ನಡುಗುವ ಕೈಯನ್ನು ನಂಬಿ ಅವನು ಬಂದ.

ಪಾದ್ರಿಗಳು ಕೇಳಿದ್ದ ಪ್ರಶ್ನೆಗೆ ಈಗ ಉತ್ತರ ಬಂತು. ಕೂಸು ಬಂದರೆ ಏನು ಮಾಡ್ತೀಯ? ಎತ್ತಿಕೊಳ್ಳುತ್ತೇನೆ ಫಾದರ್, ಇನ್ನೇನು ಮಾಡಲಿ? ಕೈ ಮುಗಿದು ದೂರ ನಿಂತರೆ ಕೂಸು ಬದುಕುತ್ತದೆಯೇ?

ಎದೆಯ ಮೇಲಿದ್ದವಳು ದೇವರಲ್ಲ, ಅಕ್ಕನ ಮೊಮ್ಮಗಳು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ತಾನು ಹುಡುಕುತ್ತಿದ್ದವನು ಎಷ್ಟು ಹತ್ತಿರ ಬರಲು ಒಪ್ಪಿದ್ದ ಎಂಬುದು ಅವಳ ಉಸಿರು ತಗಲುತ್ತಿದ್ದ ಜಾಗದಲ್ಲಿ, ಚರ್ಮದ ಮೇಲೆಯೇ ತಿಳಿಯುತ್ತಿತ್ತು. ಆ ಕೂಸನ್ನು ಹುಡುಕಿಕೊಂಡು, ನಕ್ಷತ್ರ ನೋಡುತ್ತಾ ತಲೆಯೆತ್ತಿ ನಡೆದ ಜ್ಞಾನಿಗಳು ಕೂಡ ಕೊನೆಗೆ ಮಂಡಿಯೂರಿ, ಬಗ್ಗಿ ನೋಡಬೇಕಾಯಿತು. ಚಿಮಣಿಯ ಮೇಲೆ ಪಕ್ಕದಲ್ಲಿದ್ದವನು ಎಲ್ಲಿಗೂ ಹೋಗಿರಲಿಲ್ಲ. ತಾನು ಮೇಲೆಲ್ಲೋ ನೋಡುತ್ತಿದ್ದಾಗ ಅವನು ತೋಳು ಚಾಚಿದರೆ ಸಿಗುವಷ್ಟು ಕೆಳಗೆ ಇದ್ದ. ಏಣಿ ಮಾವನ ಸಿಟ್ಟು ಎಲ್ಲಿ ಹೋಯಿತೋ. ಕೆನ್ನೆಯ ಮೇಲೆ ನೀರಿಳಿಯುತ್ತಿದ್ದರೂ ಮುಖ ನಗುತ್ತಿತ್ತು.

"ಬಂದಿದ್ದೀಯ," ಎಂದ ಮೆಲ್ಲಗೆ. "ನೀನೂ ಇಲ್ಲೇ ಇದ್ದೀಯ. ಸರಿ, ಇಬ್ಬರೂ ಸೇರಿ ಇವಳನ್ನ ಹಿಡ್ಕೊಳ್ಳೋಣ."

ಆ ಮೇಲೆ ಅವನಿಗೆ ಹೆದರಿಕೆಯಾಗಲಿಲ್ಲ. ಯಂತ್ರ ಕೂಗಿದಾಗಲೆಲ್ಲ ಸವರಿದ, ಕರೆದ. ಕತ್ತಲಾದ ಮೇಲೆ ಸಿಸ್ಟರು ಬಂದು, "ಮನೆಗೆ ಹೋಗ್ತೀರಾ?" ಎಂದರು. ಅವನು ಮಗುವಿನ ಮೇಲಿನ ಬಟ್ಟೆ ಸರಿಮಾಡಿದ. ಅವರೇ ಒಂದು ದಿಂಬು ತಂದು ಅವನ ಕುತ್ತಿಗೆಗೆ ಕೊಟ್ಟರು.

ಕಿಟಕಿಯಲ್ಲಿ ಬೆಳಕು ಹರಿಯಿತು. ಕ್ರಿಸ್ಮಸ್ಸಿನ ಬೆಳಗು. ಡಾಕ್ಟರಮ್ಮ ಬಂದು ಮಗುವಿನ ಪಾದ ಮುಟ್ಟಿದರು, ಉಗುರು ಒತ್ತಿ ನೋಡಿದರು, ಯಂತ್ರ ನೋಡಿದರು, ಮತ್ತೆ ಮಗುವನ್ನು ನೋಡಿದರು. ಬೂದಿಯ ಬಣ್ಣ ಹೋಗಿ ಮೈ ಗುಲಾಬಿಯಾಗಿತ್ತು.

"ಯಂತ್ರ ಯಾವಾಗ ಕೂಗಿದ್ದು ಕೊನೆಗೆ?" ಎಂದು ಕೇಳಿದರು.

ಸಿಸ್ಟರು, "ಬಹಳ ಹೊತ್ತಾಯ್ತು ಡಾಕ್ಟರ್, ನಾನು ಕೆಟ್ಟುಹೋಯ್ತೇನೋ ಅಂತ ಆಗ್ಲೇ ಒಂದ್ಸಲ ನೋಡ್ದೆ," ಎಂದರು.

ಡಾಕ್ಟರಮ್ಮ ನಕ್ಕರು. "ಮೂಗಿನ ನಳಿಕೆ ತೆಗೆದು ನೋಡೋಣ."

ನಳಿಕೆ ತೆಗೆದರು. ಮಗು ಮುಖ ಸಿಂಡರಿಸಿತು, ಹುಬ್ಬು ಗಂಟಿಕ್ಕಿತು, ಹುಟ್ಟಿದಂದಿನಿಂದ ಕೂಡಿಟ್ಟಿದ್ದ ದೂರನ್ನೆಲ್ಲ ಒಟ್ಟಿಗೇ ಹೇಳುವಂತೆ ಬಾಯಿ ತೆರೆದು ಕಿಟಾರನೆ ಅತ್ತಿತು. ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಆ ಅಳುವಿಗೆ ಬಾಗಿಲ ಹೊರಗಿದ್ದ ಅಕ್ಕ ಬೆಂಚಿನಿಂದ ಹಾರಿದಳು. ನೆಲ ಒರೆಸುತ್ತಿದ್ದವಳು ಒರೆಸುವ ಕೋಲು ಬಿಟ್ಟು ಓಡಿಬಂದಳು. "ಅಳ್ತಾಳೆ! ನೋಡ್ರೋ, ಅಳ್ತಾಳೆ!" ಎಂದು ಏಣಿ ಮಾವ ಕೂಗಿದ ಕೂಗಿಗೆ ವಾರ್ಡಿನ ಉಳಿದ ಕೂಸುಗಳೂ ಎದ್ದು ದನಿಗೂಡಿಸಿದವು.

"ಬಾಯಿ ಮುಚ್ರೀ! ಇದು ವಾರ್ಡು!" ಎಂದು ಸಿಸ್ಟರು ಗದರಿದರು. ಗದರುತ್ತಲೇ ಗೌನಿನ ತೋಳಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಮೊಗಸಾಲೆಯ ಕೊನೆಯಲ್ಲಿ ಗಾಲಿಕುರ್ಚಿಯ ಸದ್ದಾಯಿತು. ಹಿಂದಿನ ಸಂಜೆಯೇ ತಾಯಿಯ ಬಾಯಿಯ ಪೈಪು ತೆಗೆದಿದ್ದರು. ಈಗ ಅವಳು ಹಟ ಹಿಡಿದು ಬಂದಿದ್ದಳು. ಮುಖ ಬಿಳಿಚಿತ್ತು, ತುಟಿ ಒಡೆದಿತ್ತು, ಕಣ್ಣು ಮಾತ್ರ ಉರಿಯುತ್ತಿದ್ದವು.

"ಎಲ್ಲಿ ಮಾವ? ನನ್ನ ಮಗಳೆಲ್ಲಿ?"

"ಇಲ್ಲಿದ್ದಾಳೆ ತಗೋ. ಬಾಯಿ ನಿನ್ನಮ್ಮನದ್ದೇ, ಎಚ್ಚರ!"

ಸಿಸ್ಟರು ಬಟ್ಟೆಯ ಗಂಟು ಬಿಚ್ಚಿ ಮಗುವನ್ನು ಎತ್ತಿ ತಾಯಿಯ ಎದೆಗೆ ಇಟ್ಟರು. ಅಳು ಕೂಡಲೇ ನಿಂತಿತು. ಅವಳು ಬಗ್ಗಿ ಮಗುವಿನ ನೆತ್ತಿ ಮೂಸಿದಳು, ಅಗಲ ಕಿವಿ ನೋಡಿ ನಕ್ಕಳು, ನಗುತ್ತಾ ಅತ್ತಳು. ಅಕ್ಕನಿಗೂ ಅವತ್ತು ಮುಖಕ್ಕೆ ಮಾಸ್ಕು ಬಿಗಿದು ಒಳಗೆ ಬಿಟ್ಟರು. ಅವಳೇ ಫೋನು ಹಚ್ಚಿದಳು. ಎಲ್ಲೋ ನಡುಸಮುದ್ರದಲ್ಲಿ, ಎಂಜಿನ್ನಿನ ಗದ್ದಲದ ನಡುವೆ ಅಳಿಯ "ಏನು? ಏನು?" ಎಂದು ಅರಚುತ್ತಿದ್ದ. ಮಗು ಆ ಸದ್ದಿಗೆ ಮತ್ತೊಮ್ಮೆ ಬಾಯಿ ತೆರೆದು ತಾನೇ ಉತ್ತರ ಕೊಟ್ಟಿತು. ಆಮೇಲೆ ಹಡಗಿನವರೆಲ್ಲ ಸೇರಿ ಹೋ ಎಂದು ಕೂಗಿದ್ದು ಫೋನಿನಿಂದ ಕೇಳಿಸಿತು.

ಪ್ರತಿವರ್ಷದಂತೆ ಚರ್ಚಿನ ಹಾಡಿನವರು ರೋಗಿಗಳಿಗಾಗಿ ಆಸ್ಪತ್ರೆಯ ಅಂಗಳಕ್ಕೆ ಬಂದಿದ್ದರು. ಪಾದ್ರಿಗಳೂ ಜೊತೆಗಿದ್ದರು. ಸಿಸ್ಟರು ತಾವಾಗಿಯೇ ಹೋಗಿ ಮೊಗಸಾಲೆಯ ಕಿಟಕಿ ತೆರೆದರು. ಕೂಸಿನ ಹುಟ್ಟನ್ನು ಸಾರುವ ಹಾಡು ಮೇಲೇರಿ ಬಂತು. ಜೀವಮಾನವಿಡೀ ಚರ್ಚಿನ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತವನು ಏಣಿ ಮಾವ. ದೇವರು ಸಿಗುವ ಮೊದಲೇ ಸಿಕ್ಕಿಬಿಟ್ಟ ಹಾಗೆ ಹಾಡುವುದು ಸುಳ್ಳಾಗುತ್ತದೆ ಎಂದು. ಅವತ್ತು ಅವನು ಕಿಟಕಿಗೆ ಹೋಗಿ, ಗೌನಿನಲ್ಲೇ ನಿಂತು, ಗಂಟಲು ಹರಿಯುವಷ್ಟು ಗಟ್ಟಿಯಾಗಿ ಹಾಡಿದ. ರಾಗ ಒಂದು ಕಡೆ, ತಾಳ ಒಂದು ಕಡೆ. ಕೆಳಗಿನವರು ಬೆರಗಾಗಿ ತಲೆಯೆತ್ತಿ ನೋಡಿದರು. ಪಾದ್ರಿಗಳು ಕನ್ನಡಕ ಸರಿಮಾಡಿಕೊಂಡು ನೋಡಿ, ಗುರುತು ಹಿಡಿದು, ಎರಡೂ ಕೈ ಮೇಲೆತ್ತಿದರು.

"ಫಾದರ್!" ಎಂದು ಅವನು ಮೇಲಿನಿಂದಲೇ ಕೂಗಿದ. "ಎತ್ಕೊಂಡೆ ಫಾದರ್! ಎತ್ಕೊಂಡೆ!"

ಕೆಳಗಿನವರಿಗೆ ಅರ್ಥವಾಯಿತೋ ಇಲ್ಲವೋ. ಪಾದ್ರಿಗಳಿಗೆ ಆಯಿತು. ಅವರು ಹಾಡಿನವರ ಕಡೆ ತಿರುಗಿ, "ಇನ್ನೊಂದ್ಸಲ, ಮೊದಲಿಂದ!" ಎಂದರು.

ಹೊಸ ವರ್ಷ ಬಂದು ಸ್ವಲ್ಪ ದಿನಕ್ಕೆ ತಾಯಿ, ಮಗು ಇಬ್ಬರೂ ಮನೆಗೆ ಬಂದರು. ಹಡಗಿನಿಂದ ಬಂದ ಅಪ್ಪ ಮಗಳನ್ನು ಎತ್ತಿಕೊಂಡವನು ಕೆಳಗಿಡುವುದನ್ನೇ ಮರೆತ. ಏಣಿ ಮಾವ ಗೋಪುರದ ಉಳಿದರ್ಧ ಮುಗಿಸಿದ. ಕೆಲಸವಿಲ್ಲದ ಒಂದು ಮಧ್ಯಾಹ್ನ ಸಿಸ್ಟರಿಂದ ಫೋನು ಬಂತು: "ಮಾವ, ಇಲ್ಲೊಂದು ಕೂಸಿದೆ. ತಾಯಿ ಉಳಿಲಿಲ್ಲ. ಯಾರೂ ಇಲ್ಲ. ಬರ್ತೀರಾ?"

ಅವನು ಊಟದ ತಟ್ಟೆ ಸರಿಸಿ ಎದ್ದ. ಅಕ್ಕ ಏನೂ ಕೇಳಲಿಲ್ಲ. ಸೋಪು, ಟವೆಲು ತಂದು ಕೈಗಿಟ್ಟಳು. ವಾರ್ಡಿನಲ್ಲಿ ಅವನಿಗಾಗಿ ಕುರ್ಚಿ ಹಾಕಿಟ್ಟಿದ್ದರು. ಕೂಸು ಗಂಡು. ಕಪ್ಪಗೆ, ತೆಳ್ಳಗೆ, ಮುಷ್ಟಿ ಬಿಗಿದುಕೊಂಡು ಯಾರ ಮೇಲೋ ಸಿಟ್ಟಾದಂತಿತ್ತು. ಅವನು ಮೈ ತೊಳೆದು ಬಂದು ಕೂತು, ಎರಡೂ ಕೈ ಚಾಚಿದ.

"ಬಾರಪ್ಪಾ," ಎಂದ, "ಬಾ."